ಕೆಂಪು ಫೈಲು, ಉಡಿಯ ಗಂಟು

ನಮ್ಮ ಮನೆಯಲ್ಲಿ ನನಗೆ ತಹಸೀಲ್ದಾರ್ ಎಂದು ಹೆಸರು. ಇಟ್ಟವರು ನನ್ನ ಗಂಡ. ಮದುವೆಯಾಗಿ ಔರಾದಿಗೆ ಬಂದ ಮೊದಲ ವಾರವೇ ಅಲಮಾರಿಯ ಮೇಲಿನ ಖಾನೆ ಖಾಲಿ ಮಾಡಿಸಿ, ಅಲ್ಲಿ ಮೂರು ಫೈಲು ಇಟ್ಟು, ಇವಕ್ಕೆ ಯಾರೂ ಕೈ ಹಚ್ಚಬಾರದೆಂದು ಹುಕುಂ ಹೊರಡಿಸಿದ್ದಕ್ಕೆ ಸಿಕ್ಕ ಬಿರುದು ಅದು. ಕೆಂಪು ಫೈಲಿನಲ್ಲಿ ಅಸಲು ದಾಖಲೆಗಳು. ಹಸಿರಿನಲ್ಲಿ ಝೆರಾಕ್ಸು. ಹಳದಿಯಲ್ಲಿ ಹಾಕಿದ ಅರ್ಜಿಗಳು, ಶುಲ್ಕ ಕಟ್ಟಿದ ರಸೀದಿ, ಪ್ರವೇಶ ಪತ್ರಗಳು. ಬೇರೆ ಸೊಸೆಯಂದಿರು ತವರಿನಿಂದ ಪಾತ್ರೆ ತರುತ್ತಾರೆ, ನಮ್ಮಾಕೆ ಕಚೇರಿ ತಂದಿದ್ದಾಳೆ ಎಂದು ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಗಲಿ ಬಿಡಿ. ಚಿಂತಾಕಿಯಲ್ಲಿರುವ ಅವರ ಬೀಜ-ಗೊಬ್ಬರದ ಅಂಗಡಿಯ ಲೈಸೆನ್ಸ್ ಕಾಣದಾದಾಗ ಫೋನು ಬರುತ್ತಿದ್ದದ್ದು ಈ ತಹಸೀಲ್ದಾರಳಿಗೇ.

ಕೆಲಸ ಇಲ್ಲದವರು ಅರ್ಜಿ ಹಾಕುತ್ತಾರೆ ಎಂದು ಜನ ತಿಳಿದಿದ್ದಾರೆ. ಅರ್ಜಿ ಹಾಕುವುದೇ ಒಂದು ಕೆಲಸ ಎಂಬುದು ಹಾಕಿದವರಿಗೆ ಮಾತ್ರ ಗೊತ್ತು. ಒಂದು ಇಲಾಖೆಗೆ ಫೋಟೋ ಹಿಂದೆ ಬಿಳಿ ಬಣ್ಣ ಬೇಕು, ಇನ್ನೊಂದಕ್ಕೆ ಫೋಟೋದ ಮೇಲೆ ತಾರೀಖು ಬೇಕು. ಆದಾಯ ಪ್ರಮಾಣಪತ್ರ ಇವತ್ತು ಇದ್ದದ್ದು ನಾಳೆ ಅವಧಿ ಮುಗಿದಿರುತ್ತದೆ. ಗ್ರಾಮೀಣ, ಕನ್ನಡ ಮಾಧ್ಯಮ, ಜಾತಿ, ಒಂದೊಂದಕ್ಕೂ ಒಂದೊಂದು ಕಚೇರಿ, ಒಂದೊಂದು ಸಾಲು. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡರೆ ತಲೆ ಸಿಡಿದೀತು. ಅದಕ್ಕೇ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅರ್ಜಿಯ ಕೊನೆಯ ದಿನಗಳಿಗೆ, ಪರೀಕ್ಷೆಯ ದಿನಗಳಿಗೆ ಸುತ್ತು ಹಾಕುತ್ತಿದ್ದೆ. ಅದೇ ಕ್ಯಾಲೆಂಡರಿನಲ್ಲಿ ಅತ್ತೆ ಎಮ್ಮೆ ಈಯುವ ದಿನಕ್ಕೂ ನನ್ನ ಕೈಯಿಂದಲೇ ಒಂದು ಸುತ್ತು ಹಾಕಿಸಿದ್ದರು. ಒಮ್ಮೆ ಯಾವ ಸುತ್ತು ಯಾವುದೆಂದು ಗಡಿಬಿಡಿಯಾಗಿ, ನಾನು ಬೆಳಗ್ಗೆಯೇ ಸೀರೆ ಉಟ್ಟು, ಚೀಲ ಹಿಡಿದು ಬೀದರಿಗೆ ಹೊರಟು ನಿಂತಿದ್ದೆ.

“ಇವತ್ತ ಪರೀಕ್ಷಾ ನಮ್ಮ ಎಮ್ಮಿಗಿ ಅದ, ನಿನಗಲ್ಲ,” ಎಂದರು ಅತ್ತೆ, ನಗದೇ.

ಅವತ್ತಿನಿಂದ ಎಮ್ಮೆಗೆ ಹಸಿರು ಪೆನ್ನು, ನನಗೆ ಕೆಂಪು.

ನನಗಿಂತ ಕೆಲವು ವರ್ಷ ಚಿಕ್ಕವಳಾದ ಒಬ್ಬ ಗೆಳತಿ ಇದ್ದಳು, ಇದ್ದಾಳೆ. ಬೀದರಿನ ಹಳೆ ಪೇಟೆಯ ಗಲ್ಲಿಯಲ್ಲಿ ಅವಳ ಮನೆ. ಮನೆಮಾತು ದಖನಿ ಉರ್ದು, ಓದಿದ್ದು ಕನ್ನಡ ಸಾಲೆಯಲ್ಲಿ. ಮದುವೆಗೆ ಮುಂಚೆ ನಾನು ಬೀದರಿನಲ್ಲಿ ಕೋಣೆ ಹಿಡಿದು ಓದುವಾಗ ಗ್ರಂಥಾಲಯದ ಒಂದೇ ಮೇಜಿನ ಈ ಕಡೆ ನಾನು, ಆ ಕಡೆ ಅವಳು. ಒಂದು ಸಲ ದಾಖಲೆ ಪರಿಶೀಲನೆಗೆ ಹೋದಾಗ ಅವಳ ಹತ್ತನೇ ತರಗತಿಯ ಅಸಲು ಅಂಕಪಟ್ಟಿ ಫೈಲಿನಲ್ಲಿ ಇರಲಿಲ್ಲ. ಹಿಂದಿನ ದಿನ ಝೆರಾಕ್ಸ್ ಮಾಡಿಸಿದ ಅಂಗಡಿಯ ಮಶೀನಿನ ಮುಚ್ಚಳದ ಕೆಳಗೆ ಉಳಿದಿತ್ತು. ತಂದು ತೋರಿಸುವಷ್ಟರಲ್ಲಿ ಬಾಗಿಲು ಹಾಕಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಅವಳು ಅತ್ತದ್ದನ್ನು ನೋಡಿ ನನಗೂ ಅಳು ಬಂತು, ಅಂಗಡಿಯವನ ಮೇಲೆ ಸಿಟ್ಟೂ ಬಂತು. ಅವಳು ಮಾತ್ರ ಕಣ್ಣೊರೆಸಿಕೊಂಡು, “ಅವರ ಕಸೂರ್ ಇಲ್ಲಕ್ಕಾ. ಫೈಲ್ ನಾನೇ ನೋಡೀನಿ. ನನ್ನ ಕಣ್ಣಿಗಿ ಅದು ಇದ್ದಂಗೇ ಕಂಡಾದ,” ಎಂದಳು.

ಆ ಮಾತಿನಿಂದಲೇ ನಮ್ಮ ಪದ್ಧತಿ ಹುಟ್ಟಿತು. ಅವಳ ಫೈಲು ನಾನು ನೋಡಬೇಕು, ನನ್ನ ಫೈಲು ಅವಳು ನೋಡಬೇಕು. ಎಲ್ಲಿಗೇ ಹೋಗುವುದಿರಲಿ, ಬೀದರ ಬಸ್‌ಸ್ಟ್ಯಾಂಡಿನ ಸಿಮೆಂಟಿನ ಕಟ್ಟೆಯ ಮೇಲೆ ಕೂತು ಮೊದಲು ಫೈಲು ಅದಲು ಬದಲು, ಆಮೇಲೆ ಚಹಾ. ತನ್ನ ಕಣ್ಣಿನ ಕಸ ತನಗೆ ಕಾಣುವುದಿಲ್ಲ. ಮದುವೆಯಾಗಿ ನಾನು ಔರಾದಿಗೆ ಬಂದ ಮೇಲೂ ಈ ಪದ್ಧತಿ ತಪ್ಪಲಿಲ್ಲ.

ಹೀಗೆ ವರ್ಷಗಳು ಹೋದವು. ಎರಡು ಮೂರು ಕಡೆ ಹತ್ತಿರ ಹತ್ತಿರ ಬಂದು ತಪ್ಪಿತು. ಆಮೇಲೆ ಹುಡುಗಿಯರ ಹಾಸ್ಟೆಲಿನ ಮೇಲ್ವಿಚಾರಕಿಯ ಹುದ್ದೆಗೆ ಅಧಿಸೂಚನೆ ಬಂತು. ವಯಸ್ಸಿನ ಲೆಕ್ಕ ಹಾಕಿ ನೋಡಿದೆ. ಇದೇ ನನಗೆ ಕೊನೆಯದು. ಇದಾದ ಮೇಲೆ ನಾನು ಅರ್ಜಿ ಹಾಕುತ್ತೇನೆಂದರೂ ಹಾಕಲು ಬರುವುದಿಲ್ಲ. ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿನಕ್ಕೆ ಕೆಂಪು ಪೆನ್ನಿನಿಂದ ಎರಡು ಸುತ್ತು ಹಾಕಿದೆ. ಗಂಡನಿಗೆ ಹೇಳಿದೆ. ಅವರು ನಗೆಚಾಟಿಕೆ ಮಾಡಲಿಲ್ಲ, “ಬರಿ, ಛಲೋ ಬರಿ,” ಎಂದರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನನ್ನ ನೌಕರಿಯ ವಿಷಯದಲ್ಲಿ ಅತ್ತೆ ಬೇಕು ಎಂದೂ ಅಂದವರಲ್ಲ, ಬೇಡ ಎಂದೂ ಅಂದವರಲ್ಲ. ಅವರ ಮನಸ್ಸು ತಿಳಿಯುವುದೇ ಒಂದು ಪರೀಕ್ಷೆ.

ಬರೆದೆ. ಗೆಳತಿಯೂ ಬರೆದಳು. ಇಬ್ಬರ ಹೆಸರೂ ದಾಖಲೆ ಪರಿಶೀಲನೆಯ ಪಟ್ಟಿಗೆ ಬಂದವು. ನೌಬಾದದ ಕಡೆಯ ಒಂದು ಕಚೇರಿಯಲ್ಲಿ, ಬುಧವಾರ.

ಇಲ್ಲೊಂದು ಕಾಗದದ ಬಗ್ಗೆ ಹೇಳಬೇಕು. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ನೌಕರಿಯಲ್ಲಿ ಮೀಸಲು ಕೊಡುವ ಪ್ರಮಾಣಪತ್ರವೊಂದಿದೆ. ಎಲ್ಲರ ಬಾಯಲ್ಲೂ ಅದು ‘ತ್ರೀ ಸೆವೆಂಟಿ ಒನ್ ಜೆ’. ನನ್ನ ಹೆಸರು ಪಟ್ಟಿಗೆ ಬಂದದ್ದೇ ಆ ಮೀಸಲಿನಲ್ಲಿ. ಅದರ ಅಸಲು ತೋರಿಸದಿದ್ದರೆ ಬರೆದದ್ದೆಲ್ಲ ನೀರಲ್ಲಿ ಹೋಮ.

ಆ ಸೋಮವಾರ ಕೆಂಪು ಫೈಲು ಹಿಡಿದುಕೊಂಡು ಭಾಲ್ಕಿಗೆ ಹೋದೆ. ಭಾಲ್ಕಿ ನನ್ನ ತವರು. ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ನಾನು ಓದಿದ ಸಾಲೆಯ ಹೆಡ್‌ಮಾಸ್ತರರ ಸಹಿ ಬೇಕಿತ್ತು. ಸಹಿ ಆಯಿತು, ಮೊಹರಿನ ಸಿಕ್ಕಾ ಬಿತ್ತು. ಮನೆಗೆ ಬಂದು, ಪಡಸಾಲೆಯಲ್ಲಿ ಎಲ್ಲ ಕಾಗದ ಹರವಿ, ಒಂದೊಂದಾಗಿ ನೋಡಿ ಮತ್ತೆ ಫೈಲಿಗೆ ಸೇರಿಸಿದೆ. ನನ್ನವ್ವ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ.

“ಇದರೊಳಗ ನೌಕರಿ ಕೊಡಸಾದು ಯಾವದವ್ವ?”

“ಎಲ್ಲಾನೂ ಬೇಕವ್ವ,” ಎಂದೆ. ಆಮೇಲೆ ಆ ಪ್ರಮಾಣಪತ್ರ ತೋರಿಸಿ, “ಆದ್ರ ಇದು ಇಲ್ಲಂದ್ರ ಉಳಿದದ್ದು ಇದ್ದೂ ಇಲ್ಲ,” ಎಂದೆ.

ಅವ್ವ ಅದರ ಗುಂಡು ಸಿಕ್ಕಾವನ್ನು ಕಣ್ಣು ಕಿರಿದು ಮಾಡಿ ನೋಡಿದಳು. ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಅಷ್ಟೇ ನಡೆದದ್ದು.

ಮದುವೆಯಾದ ಮಗಳನ್ನು ನಮ್ಮ ಕಡೆ ಬರಿಗೈಲಿ ಕಳಿಸುವುದಿಲ್ಲ. ಹೊರಡುವ ಹೊತ್ತಿಗೆ ಮಣೆಯ ಮೇಲೆ ಕೂಡಿಸಿ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಒಣ ಕೊಬ್ಬರಿ, ಅಡಿಕೆ, ಅರಿಷಿಣದ ಬೇರು, ಕುಬಸ ಹೊಲಿಸಲು ಒಂದು ಖಣದ ಬಟ್ಟೆ. ಅವ್ವ ಅವತ್ತು ಆ ಖಣದಲ್ಲೇ ಎಲ್ಲ ಮೊದಲೇ ಕಟ್ಟಿ ಗಂಟು ಮಾಡಿ ಇಟ್ಟಿದ್ದಳು. “ಬಸ್ಸಿನಾಗ ಚೆಲ್ಲಬಾರದಂತ ಕಟ್ಟೀನಿ,” ಎಂದು ಗಂಟನ್ನೇ ಸೆರಗಿಗೆ ಹಾಕಿದಳು. ನನಗೆ ಅನುಮಾನ ಯಾಕೆ ಬರಬೇಕು? ಹೋಗ್ತೇನಿ ಅನ್ನಬಾರದಲ್ಲ, “ಬರ್ತೇನವ್ವ” ಅಂದು ಬಂದೆ.

ಔರಾದಿನ ನಮ್ಮ ಮನೆಯಲ್ಲಿ ಉಡಿಗೆ ಒಂದು ಕಟ್ಟುಪಾಡು ಇದೆ. ತಂದ ಗಂಟನ್ನು ಅತ್ತೆಯ ಕೈಗೆ ಕೊಡಬೇಕು. ಅವರು ದೇವರ ಜಗಲಿಯ ಮೇಲೆ ಇಡುತ್ತಾರೆ. ಶುಕ್ರವಾರ ದೀಪ ಹಚ್ಚಿದ ಮೇಲೆಯೇ ಬಿಚ್ಚುವುದು, ಆ ಅಕ್ಕಿಯಿಂದ ಸಿಹಿ ಮಾಡುವುದು. ಈ ಮನೆಗೆ ಬಂದಾಗಿನಿಂದ ಇದು ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಕೆಂಪು ಫೈಲಿಗೆ ನಾನು ಹೇಗೋ, ಉಡಿಯ ಗಂಟಿಗೆ ಅತ್ತೆ ಹಾಗೆ. ಗಂಟು ಕೊಟ್ಟೆ, ಜಗಲಿ ಸೇರಿತು.

ಬುಧವಾರ ಬೆಳಗ್ಗೆ ಬಸ್ಸು ಹತ್ತಿದೆ. ಬಿತ್ತನೆಯ ಹಂಗಾಮು, ಮೋಡ ಕವಿದಿತ್ತು. ಜನವಾಡದಲ್ಲಿ ತರಕಾರಿ ಬುಟ್ಟಿಯವರು ಹತ್ತಿ ಕಾಲಿಡಲು ಜಾಗವಿಲ್ಲದಾಯಿತು. ಫೈಲನ್ನು ಮಗುವಿನ ಹಾಗೆ ಎದೆಗೆ ಹಿಡಿದು ಕೂತಿದ್ದೆ. ಬೀದರ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಗೆಳತಿ ಕಾಯುತ್ತಿದ್ದಳು. ಫೈಲು ಅದಲು ಬದಲಾಯಿತು. ಅವಳದ್ದು ಎಲ್ಲ ಬರೋಬರಿ ಇತ್ತು.

“ಅಕ್ಕಾ, ತ್ರೀ ಸೆವೆಂಟಿ ಒನ್ ಎಲ್ಲಿ ಅದರಿ?”

“ಜಾತಿ ಸರ್ಟಿಫಿಕೇಟಿನ ಕೆಳಗ ನೋಡು.”

“ನೋಡೀನಿ. ಇಲ್ಲ.”

“ಕಣ್ಣ ತಗದು ನೋಡ! ಮೊನ್ನಿ ನಾನೇ ಇಟ್ಟೀನಿ.”

ಅವಳು ಫೈಲನ್ನು ನನ್ನ ಮುಂದೆ ಹಿಡಿದಳು. ಇರಲಿಲ್ಲ. ಪ್ಲಾಸ್ಟಿಕ್ಕಿನ ಜೇಬು ಖಾಲಿ, ಬೆಳಕು ಆರಪಾರ ಕಾಣುತ್ತಿತ್ತು. ಶಿವನೇ! ಸೋಮವಾರ ಎಲ್ಲ ಹರವಿದ್ದು ಅವ್ವನ ಮನೆಯಲ್ಲಿ ಎಂದು ನೆನಪಾಗಿ ಫೋನು ಮಾಡಿದೆ.

“ಎಲ್ಲಿ ಹೋಗ್ತದವ್ವ ಅದು?” ಎಂದಳು ಅವ್ವ, ಒಂದಿಷ್ಟೂ ಗಾಬರಿಯಿಲ್ಲದೆ. “ಉಡಿಯೊಳಗ ಅದ.”

“ಉಡಿಯೊಳಗಾ!”

“ನೀನೇ ಅಂದಿಲ್ಲೇನು, ಇದು ಇಲ್ಲಂದ್ರ ಏನೂ ಇಲ್ಲಂತ? ಉಡಿಯೊಳಗ ಹೋದದ್ದು ತುಂಬಿಕೊಂಡೇ ಬರ್ತದ. ದೇವರ ಮುಂದ ಇಟ್ಟು, ಮಡಚಿ, ಅಕ್ಕಿ ಒಳಗ ಇಟ್ಟೀನಿ. ಛಲೋ ಆಗ್ತದ ತಗೋ.”

“ನನಗ ಹೇಳಬಾರದಾ ಯವ್ವಾ?”

“ಹೇಳಿದ್ರ ಇಡಗೊಡ್ತಿದ್ದೇನು ನೀ?”

ಖಂಡಿತ ಇಡಗೊಡುತ್ತಿರಲಿಲ್ಲ. ಗೆಳತಿ ಪಕ್ಕದಿಂದ ಎಲ್ಲ ಕೇಳಿಸಿಕೊಂಡು, “ಅಂಗೈಯಾಗ ಬೆಣ್ಣಿ ಇಟ್ಕೊಂಡು ಊರೆಲ್ಲಾ ತುಪ್ಪ ಹುಡುಕಿದಂಗ ಆತಲ್ಲಕ್ಕಾ. ಮನಿಯಾಗೇ ಅದ. ಫಿಕರ್ ಮಾಡಬ್ಯಾಡ್ರಿ, ಯಾರರೆ ತಂದುಕೊಡ್ತಾರ,” ಎಂದಳು.

ಯಾರು ತಂದುಕೊಡಬೇಕು? ಗಂಡನ ಫೋನು ಹೊಡಕೊಂಡೇ ಹೊಡಕೊಂಡಿತು, ಎತ್ತಲಿಲ್ಲ. ಬಿತ್ತನೆಯ ದಿನ ಅಂಗಡಿಯಲ್ಲಿ ಅವರಿಗೆ ತಮ್ಮ ಹೆಸರೂ ಕೇಳಿಸುವುದಿಲ್ಲ. ಉಳಿದವರು ಅತ್ತೆ. ಫೋನು ಹಚ್ಚಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಗಂಟು ಬಿಚ್ಚಿ, ಒಳಗಿನ ಕಾಗದ ತೆಗೆದು, ಬೀದರಿಗೆ ಬರುವ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಿರೆಂದು ಬೇಡಿಕೊಂಡೆ.

“ಇವತ್ತ ಬುಧವಾರ ಅದ,” ಎಂದರು ಅತ್ತೆ.

“ಗೊತ್ತದರಿ ಅತ್ತಿ. ಇದೊಂದು ಸಲ...”

“ಗಂಟ ನಾ ಬಿಚ್ಚಂಗಿಲ್ಲ.”

ಫೋನು ಕಟ್ಟಾಯಿತು.

ಸಿಟ್ಟು ಬಂತು ನೋಡಿ ನನಗೆ! ಅವ್ವನ ಮೇಲೆ, ಅತ್ತೆಯ ಮೇಲೆ, ಶುಕ್ರವಾರದ ಮೇಲೆ. ಅಷ್ಟು ವರ್ಷ ಮೂರು ಬಣ್ಣದ ಫೈಲು ಮಾಡಿ ಕಾದದ್ದು ಒಂದು ಹಿಡಿ ಅಕ್ಕಿಯಲ್ಲಿ ಮುಳುಗಿಹೋಯಿತಲ್ಲ ಎಂದು ಆಟೋದಲ್ಲಿ ನೌಬಾದ ಮುಟ್ಟುವ ತನಕ ಬೈದೆ. ಗೆಳತಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ಕಚೇರಿಯಲ್ಲಿ ಹಾಜರಿ ಹಾಕಿದೆವು. ಹಾಜರಿ ಹಾಕಿದವರು ಹೊರಗೆ ಹೋಗಬಾರದು ಎಂದರು. ಗೆಳತಿ ನನಗಿಂತ ಧೈರ್ಯದವಳು, ಮೇಜಿನ ಹಿಂದಿದ್ದ ಅಧಿಕಾರಿಯ ಹತ್ತಿರ ಹೋಗಿ ಕೇಳಿಯೇಬಿಟ್ಟಳು.

“ಇವತ್ತ ಸಂಜಿ ತನಕ ಅಸಲು ತೋರಿಸಿದ್ರ ನಡೀತದರಿ,” ಎಂದರು ಅವರು. “ನಾಳಿ ಅಂದ್ರ ನನ್ನ ಕೈಯಾಗ ಇಲ್ಲ.”

ನಮ್ಮ ಪಕ್ಕದ ಮನೆಯವರಿಗೆ ಫೋನು ಮಾಡಿದೆ. ಒಮ್ಮೆ ಹೋಗಿ ಅತ್ತೆಗೆ ತಿಳಿಸಿ ಹೇಳಿ ಎಂದೆ. ಅವರು ಹೋಗಿ ಬಂದು, “ಮನಿಗಿ ಕೀಲಿ ಹಾಕ್ಯಾದರಿ,” ಎಂದರು. ಸರಿ, ಸಿಟ್ಟು ಮಾಡಿಕೊಂಡು ಹೊಲಕ್ಕೆ ಹೋಗಿದ್ದಾರೆ ಎಂದುಕೊಂಡೆ. ಆಮೇಲೆ ಯಾರಿಗೂ ಫೋನು ಮಾಡಲಿಲ್ಲ. ಬೆಂಚಿನ ಮೇಲೆ ಕೂತೆ. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಅವರ ಕಾಗದಗಳು ಮೇಜಿನ ಮೇಲೆ ಸರಿದಾಡುವ ಸಪ್ಪಳ ಕೇಳುತ್ತಿತ್ತು. ಗೆಳತಿಯದ್ದು ಮುಗಿಯಿತು, ಅವಳು ಮನೆಗೆ ಹೋಗಲಿಲ್ಲ, ಬಂದು ನನ್ನ ಪಕ್ಕದಲ್ಲೇ ಕೂತಳು. ನನ್ನ ಹೆಸರು ಬಂದಾಗ ಉಳಿದದ್ದೆಲ್ಲ ನೋಡಿ, ಆ ಒಂದರ ಮುಂದೆ ಖಾಲಿ ಬಿಟ್ಟು, ಬದಿಗಿಟ್ಟರು. ಮೇಲ್ವಿಚಾರಕಿ ಆಗದಿದ್ದರೆ ಆಗಲಿಲ್ಲ, ಮನೆ ಇದೆ, ಎಮ್ಮೆ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಧಾನವೇನೂ ಆಗಲಿಲ್ಲ. ನನಗೆ ಆ ಕೆಲಸ ಬೇಕಾಗಿತ್ತು.

ಮಧ್ಯಾಹ್ನದ ಊಟದ ಬಿಡುವು ಮುಗಿದಿತ್ತು. ಗೆಳತಿ ಮೊಣಕೈಯಿಂದ ತಿವಿದಳು.

“ಅಕ್ಕಾ, ಅಲ್ಲಿ ನೋಡ್ರಿ.”

ಗೇಟಿನ ಹತ್ತಿರ ಅತ್ತೆ. ಕೈಮಗ್ಗದ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು, ಎರಡೂ ಕೈಯಿಂದ ಹೊಟ್ಟೆಯ ಹತ್ತಿರ ಏನನ್ನೋ ಹಿಡಿದುಕೊಂಡು, ಕಾವಲಿನವನಿಗೆ ಜೋರಾಗಿ ಏನೋ ಹೇಳುತ್ತಿದ್ದರು. ಅತ್ತೆ ಒಬ್ಬರೇ ಬಸ್ಸು ಹತ್ತಿ ಬೀದರಿಗೆ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಓಡಿಹೋದೆ. ಅವರ ಸೆರಗಿನಲ್ಲಿ ಉಡಿಯ ಗಂಟು ಇತ್ತು. ಅವ್ವ ಹಾಕಿದ ಗಂಟು ಹಾಕಿದ ಹಾಗೇ ಇತ್ತು, ಮೇಲೆ ಜಗಲಿಯ ಕುಂಕುಮ.

“ಹ್ಯಾಂಗ ಬಂದ್ರಿ ಅತ್ತಿ?”

“ಬಸ್ಸಿನಾಗ. ನೌಬಾದ ಅಂತ ನಿನ್ನಿ ನೀನೇ ಹತ್ತು ಸಲ ಅಂದಿದ್ದಿ. ನೌಕರಿ ಕಾಗಜ ನೋಡಾ ಜಾಗಾ ಎಲ್ಲದ ಅಂತ ಕೇಳಕೋತ ಬಂದೀನಿ. ಮಂದಿಗಿ ಬಾಯಿ ಇಲ್ಲೇನು?”

“ಗಂಟ ಬಿಚ್ಚಂಗಿಲ್ಲ ಅಂದ್ರಲ್ಲರಿ...”

“ನಾ ಬಿಚ್ಚಂಗಿಲ್ಲ ಅಂದೆ. ನಿನ್ನ ತವರವರು ನಿನ್ನ ಉಡಿಗಿ ಹಾಕಿದ್ದು. ನಾ ಯಾಕ ಬಿಚ್ಚಲಿ? ನೀ ಬಿಚ್ಚು.”

“ಇವತ್ತ ಬುಧವಾರರಿ.”

“ಶುಕ್ರವಾರ ನಮ್ಮ ಮನಿಯಾಗ,” ಎಂದರು ಅತ್ತೆ. “ಇದು ಕಚೇರಿ ಅದ. ಕಚೇರಿಯಾಗ ನೀ ತಹಸೀಲ್ದಾರ ಅಲ್ಲೇನು? ನೀ ಹೇಳಿದ್ದೇ ವಾರ. ಬಿಚ್ಚ ಜಲ್ದಿ.”

ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಬಂದವು. ವರಾಂಡದಲ್ಲಿ ಕೂತು ಗಂಟು ಬಿಚ್ಚಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣದ ಬೇರು, ನಡುವೆ ಮಡಚಿದ ಕಾಗದ. ಮಡಿಕೆಯ ಅಂಚಿಗೆ ಅರಿಷಿಣ ಹತ್ತಿತ್ತು. ಒಯ್ದು ಮೇಜಿನ ಮೇಲೆ ಇಟ್ಟೆ. ಅಧಿಕಾರಿ ಬಿಡಿಸಿದಾಗ ಒಳಗಿಂದ ಅಕ್ಕಿಕಾಳು ಉದುರಿ ಅವರ ರಿಜಿಸ್ಟರಿನ ಮೇಲೆ ಬಿದ್ದವು.

“ಏನ್ರಿ ಇದು?”

“ಉಡಿ ಅಕ್ಕಿರಿ, ಸರ್.”

ಅವರು ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತ ಅತ್ತೆಯನ್ನು ನೋಡಿದರು. ಕಾಳುಗಳನ್ನು ಚೆಲ್ಲಲಿಲ್ಲ, ಬೆರಳಿನಿಂದ ಒಂದು ಕಡೆ ಸರಿಸಿದರು. “ಸಿಕ್ಕಾ, ಸಹಿ ಎರಡೂ ಸಾಫ್ ಕಾಣ್ತಾವ. ಸಾಕು,” ಎಂದು ಖಾಲಿ ಬಿಟ್ಟಿದ್ದ ಕಡೆ ಗುರುತು ಹಾಕಿದರು.

ಹೊರಗೆ ಬಂದಾಗ ಅತ್ತೆ ಗಂಟು ಮತ್ತೆ ಕಟ್ಟಲು ಬಿಡಲಿಲ್ಲ. ಬಿಚ್ಚಿದ ಉಡಿ ಖಾಲಿ ಹೋಗಬಾರದಂತೆ. ಅಲ್ಲೇ, ಅಷ್ಟು ಜನರ ನಡುವೆ, ನನ್ನ ಸೆರಗು ಹಿಡಿಸಿ ಅದೇ ಅಕ್ಕಿಯಿಂದ ಹೊಸದಾಗಿ ಉಡಿ ತುಂಬಿದರು. ಆಮೇಲೆ ಗೆಳತಿಯ ಕಡೆ ತಿರುಗಿ, “ನೀನೂ ಹಿಡಿ,” ಎಂದರು.

“ಅವ್ವಾ, ನಮ್ಮಲ್ಲಿ ಹಿಂಗ ಇಲ್ಲರಿ,” ಎಂದಳು ಅವಳು ಸಂಕೋಚದಿಂದ.

“ಅಕ್ಕಿ ಇಲ್ಲೇನು ನಿಮ್ಮಲ್ಲಿ? ಹಿಡಿ ಸುಮ್ಮ.”

ಅವಳು ನಗುತ್ತಾ ಓಢಣಿ ಚಾಚಿದಳು. ಆ ಅಕ್ಕಿಯಿಂದ ಖೀರು ಮಾಡಿದೆವೆಂದು ಮರುದಿನ ಫೋನು ಮಾಡಿ ಹೇಳಿದಳು.

ಕೊನೆಯ ಪಟ್ಟಿಯಲ್ಲಿ ನನ್ನ ಹೆಸರು ಇತ್ತು. ಅವಳದ್ದು ಇರಲಿಲ್ಲ. ನನ್ನ ಸಂತೋಷ ಅರ್ಧಕ್ಕೇ ನಿಂತುಹೋಯಿತು. ಫೋನು ಮಾಡಲು ಹೆದರುತ್ತಾ ಕೂತಿದ್ದಾಗ ಅವಳೇ ಮಾಡಿದಳು. “ಮುಬಾರಕ್ ಅಕ್ಕಾ. ನಂದು ಇನ್ನೂ ವಯಸ್ಸದ. ಆದ್ರ ಫೈಲ್ ನೋಡಾದು ಬಿಡಬ್ಯಾಡ್ರಿ.” ಬಿಟ್ಟಿಲ್ಲ. ಅವಳು ಅರ್ಜಿ ಹಾಕಿದಾಗೆಲ್ಲ ಭಾನುವಾರ ಅದೇ ಸಿಮೆಂಟಿನ ಕಟ್ಟೆಯ ಮೇಲೆ ಕೂತು ಅವಳ ಫೈಲು ನಾನೇ ನೋಡುತ್ತೇನೆ.

ನನಗೆ ಭಾಲ್ಕಿಯ ಹಾಸ್ಟೆಲು ಸಿಕ್ಕಿತು. ಕೆಲಸಕ್ಕೆ ಹಾಜರಾಗುವ ದಿನ ಬೆಳಗ್ಗೆ, ಈ ಸಲ ಮನೆಯಲ್ಲೇ, ಕೆಂಪು ಫೈಲು ತೆಗೆದು ನೋಡಿದೆ. ನೇಮಕಾತಿ ಆದೇಶ ಇರಲಿಲ್ಲ. ಪ್ಲಾಸ್ಟಿಕ್ಕಿನ ಜೇಬು ಖಾಲಿ. ಗಂಡ ಕ್ಷೌರ ಮಾಡಿಕೊಳ್ಳುವುದನ್ನು ಬಿಟ್ಟು ನನ್ನ ಮುಖ ನೋಡಿದರು, ಇನ್ನೇನು ಗುಡುಗುತ್ತೇನೆಂದು.

ಅತ್ತೆ ದೇವರ ಜಗಲಿಯ ಮುಂದೆ ಮಣೆ ಹಾಕಿ ಕೂತಿದ್ದರು. ಮುಂದೆ ಹೊಸ ಖಣದಲ್ಲಿ ಕಟ್ಟಿದ ಒಂದು ಗಂಟು.

“ಆರ್ಡರ್ ಉಡಿಯೊಳಗ ಇಟ್ಟೀನಿ,” ಎಂದರು. “ನಿಮ್ಮವ್ವನಂಗ ಕದ್ದು ಇಟ್ಟಿಲ್ಲ. ಹೇಳಿ ಕೊಡ್ತೀನಿ. ಬೈಬ್ಯಾಡ. ಶುಕ್ರವಾರದ ತನಕಾನೂ ಕಾಯಬ್ಯಾಡ, ಭಾಲ್ಕಿ ಮುಟ್ಟಿದ ಕೂಡ್ಲೇ ಬಿಚ್ಚು.”

ಗಂಟು ಸ್ವಲ್ಪ ಸಡಿಲವಿತ್ತು. ಅವರ ಬೆರಳಿಗೆ ಈಗ ಮೊದಲಿನ ಬಿಗಿ ಇಲ್ಲ. ನಾನು ಮಣೆಯ ಮೇಲೆ ಕೂತು, ಗಂಟನ್ನು ಇನ್ನೊಮ್ಮೆ ಬಿಗಿಯಾಗಿ ಕಟ್ಟಿ ಅವರ ಕೈಗೆ ಕೊಟ್ಟು, ಸೆರಗು ಚಾಚಿದೆ. ಕೆಂಪು ಫೈಲನ್ನು ಅವತ್ತು ಮನೆಯಲ್ಲೇ ಬಿಟ್ಟು ಹೋದೆ.